ಹಳೇ ಲ್ಯಾಪ್‌ಟಾಪ್‌ನಲ್ಲಿ ಮೈನ್‌ಕ್ರಾಫ್ಟ್ ಸರ್ವರ್: ಒಂದು ಗೆಳೆಯರ ಗುಂಪಿನ ಪ್ರಕರಣ

ಹಿನ್ನೆಲೆ

ಏಳು ಜನ ಗೆಳೆಯರು, ಜೊತೆಗೆ ಅವರಲ್ಲೊಬ್ಬನ ತಂಗಿ. ಒಟ್ಟು ಎಂಟು ಜನ. ಗೆಳೆಯರೆಲ್ಲ ಒಟ್ಟಿಗೆ ಓದಿದವರು, ಈಗ ಒಬ್ಬೊಬ್ಬರು ಒಂದೊಂದು ಊರಿನಲ್ಲಿದ್ದಾರೆ. ವಾರಕ್ಕೆ ಒಂದೆರಡು ರಾತ್ರಿ ಮೈನ್‌ಕ್ರಾಫ್ಟ್ (ಬ್ಲಾಕ್‌ಗಳಿಂದ ಲೋಕ ಕಟ್ಟುವ ಆಟ) ಆಡುತ್ತಾ ಮಾತಾಡುವುದೇ ಅವರು ಸೇರುವ ಬಗೆ. ಎಲ್ಲರೂ ಸೇರುವ ಆಟವನ್ನು ನಡೆಸುವ ಯಂತ್ರ, ಅಂದರೆ ಸರ್ವರ್, ಕೆಟ್ಟರೆ ಅವರಿಗೆ ಬರೀ ಆಟ ಕೆಡುವುದಿಲ್ಲ, ಆ ವಾರದ ಭೇಟಿಯೇ ತಪ್ಪುತ್ತದೆ. ಮುಂದೆ ಅವರು ತೆಗೆದುಕೊಂಡ ನಿರ್ಧಾರಗಳು ಅರ್ಥವಾಗಬೇಕಾದರೆ ಇದನ್ನು ನೆನಪಿಟ್ಟುಕೊಳ್ಳಬೇಕು.

ಸರ್ವರ್ ಇಟ್ಟವನನ್ನು ಇಲ್ಲಿ ಹೋಸ್ಟ್ ಎಂದೇ ಕರೆಯುತ್ತೇನೆ. ನಾನು ಆ ಗುಂಪಿನವನಲ್ಲ. ಕೆಲಸ ಅರ್ಧಕ್ಕೆ ನಿಂತಾಗ ಕರೆದರು, ಆಮೇಲೆ ಇನ್ನೊಂದು ದೊಡ್ಡ ತೊಂದರೆ ಆದಾಗಲೂ ಕರೆದರು. ಹೆಸರು, ಊರು, ವಿಳಾಸ, ಆಟದೊಳಗಿನ ಹೆಸರುಗಳು ಯಾವುದನ್ನೂ ಇಲ್ಲಿ ಕೊಟ್ಟಿಲ್ಲ. ಬರೆಯಲು ಗುಂಪಿನ ಒಪ್ಪಿಗೆ ಇದೆ. ಸರ್ವರ್ ಹಾಕುವುದು ಹೇಗೆ ಎಂದು ತೋರಿಸುವ ವಿಡಿಯೋಗಳು ಬೇಕಾದಷ್ಟಿವೆ. ಹಾಕಿದ ಮೇಲೆ ಏನೇನು ಎದುರಾಗುತ್ತದೆ ಎಂದು ಹೇಳುವವರು ಕಡಿಮೆ. ಅದಕ್ಕೇ ಇದನ್ನು ಬರೆದಿಡುತ್ತಿದ್ದೇನೆ.

ಮೊದಲು ಒಬ್ಬನ ಕಂಪ್ಯೂಟರ್‌ನಲ್ಲೇ ವರ್ಲ್ಡ್ (ಆಟದೊಳಗಿನ ಲೋಕ) ತೆರೆದು ಆಡುತ್ತಿದ್ದರು. ಅವನು ಎದ್ದು ಹೋದರೆ ಎಲ್ಲರ ಆಟವೂ ಮುಗಿಯಿತು. ಇಪ್ಪತ್ತನಾಲ್ಕು ಗಂಟೆಯೂ ತೆರೆದಿರುವ ವರ್ಲ್ಡ್ ಬೇಕೆನಿಸಿತು. ಆಟದ ಕಂಪನಿಯೇ ಬಾಡಿಗೆಗೆ ಕೊಡುವ ರೆಲ್ಮ್ಸ್ ಇತ್ತು. ಅದರಲ್ಲಿ ತಲೆನೋವು ಕಡಿಮೆ, ಆದರೆ ಪ್ಲಗಿನ್, ಅಂದರೆ ಸರ್ವರ್‌ಗೆ ಹೊಸ ಸೌಲಭ್ಯ ಸೇರಿಸುವ ಸಣ್ಣ ಪ್ರೋಗ್ರಾಂ, ಹಾಕಲು ಆಗುವುದಿಲ್ಲ. ಬೇರೆ ಕಂಪನಿಗಳ ಬಾಡಿಗೆ ಸರ್ವರ್‌ಗಳೂ ಇದ್ದವು, ತಿಂಗಳು ತಿಂಗಳು ದುಡ್ಡು ಕಟ್ಟಬೇಕು. ಹೋಸ್ಟ್ ಹತ್ತಿರ 8 ಜಿಬಿ ರ‍್ಯಾಮ್ ಇದ್ದ ಲ್ಯಾಪ್‌ಟಾಪ್ ಸುಮ್ನೆ ಬಿದ್ದಿತ್ತು. ಮನೆಯಲ್ಲೇ ಇಡೋಣ ಎಂದ. ಎಂಟು ಜನರಿಗೆ ಅದು ಸಾಕಾಗುವ ಯಂತ್ರ, ನಿರ್ಧಾರದಲ್ಲಿ ತಪ್ಪೇನೂ ಇರಲಿಲ್ಲ.

ಸರ್ವರ್ ಹಾಕುವ ಕೆಲಸ ಒಂದು ಸಂಜೆಯಲ್ಲಿ ಮುಗಿಯಿತು. ಮೈನ್‌ಕ್ರಾಫ್ಟ್ 1.20.5ರಿಂದ ಈಚೆಗೆ ಆಟ ಓಡಿಸಲು ಕನಿಷ್ಠ ಜಾವಾ 21 ಎಂಬ ಸಾಫ್ಟ್‌ವೇರ್ ಬೇಕು, ಅದನ್ನು ಹಾಕಿದ. ಪೇಪರ್ ಎಂಬ ಸರ್ವರ್ ಫೈಲ್ ಇಳಿಸಿ ಓಡಿಸಿದ, ಷರತ್ತುಗಳ ಫೈಲ್‌ನಲ್ಲಿ ಒಪ್ಪಿಗೆ ಬರೆದ, ಮತ್ತೆ ಓಡಿಸಿದ. ಅದೇ ವೈಫೈನಲ್ಲಿದ್ದ ಇನ್ನೊಂದು ಕಂಪ್ಯೂಟರ್‌ನಿಂದ ಒಳಗೆ ಹೋಗಿ ಓಡಾಡಿಯೂ ನೋಡಿದ.

ಒಳಗಿನಿಂದ ಸರಿ, ಹೊರಗಿನಿಂದ ಇಲ್ಲ

ಗೆಳೆಯರು ಸೇರಲು ನೋಡಿದಾಗ ಎಲ್ಲರಿಗೂ ಬಂದದ್ದು ಒಂದೇ ಉತ್ತರ: 'ಕನೆಕ್ಷನ್ ಟೈಮ್ಡ್ ಔಟ್'.

ಈ ಮಾತನ್ನು ಸರಿಯಾಗಿ ಓದಿದರೆ ಅರ್ಧ ಕೆಲಸ ಉಳಿಯುತ್ತದೆ. 'ಕನೆಕ್ಷನ್ ರಿಫ್ಯೂಸ್ಡ್' ಎಂದು ಬಂದರೆ ಸಾಮಾನ್ಯವಾಗಿ ನಿಮ್ಮ ಕರೆ ಒಂದು ಯಂತ್ರದವರೆಗೆ ಹೋಗಿದೆ, ಆದರೆ ಆ ಪೋರ್ಟ್‌ನಲ್ಲಿ (ಯಂತ್ರದಲ್ಲಿ ಒಂದೊಂದು ಸೇವೆಗೂ ಇರುವ ಸಂಖ್ಯೆಯ ಬಾಗಿಲು) ಕೇಳಿಸಿಕೊಳ್ಳುವವರು ಯಾರೂ ಇಲ್ಲ ಎಂದರ್ಥ. ಅಂಥ ಹೊತ್ತಿನಲ್ಲಿ ಸರ್ವರ್ ಓಡುತ್ತಿದೆಯಾ ಎಂದು ನೋಡಬೇಕು. 'ಟೈಮ್ಡ್ ಔಟ್' ಎಂದರೆ ಕರೆ ದಾರಿಯಲ್ಲೇ ಎಲ್ಲೋ ಸದ್ದಿಲ್ಲದೆ ಬಿದ್ದುಹೋಗಿದೆ. ಆಗ ಸರ್ವರ್ ಬಿಟ್ಟು ದಾರಿಯನ್ನು ನೋಡಬೇಕು. ಹೋಸ್ಟ್ ಎರಡೂ ಒಂದೇ ಎಂದುಕೊಂಡು ಸರ್ವರನ್ನು ಮತ್ತೆ ಮತ್ತೆ ಆಫ್ ಮಾಡಿ ಆನ್ ಮಾಡುತ್ತಿದ್ದ.

ದಾರಿಯ ಕೆಲಸವನ್ನೂ ಅವನು ಮಾಡಿದ್ದ. ಲ್ಯಾಪ್‌ಟಾಪ್‌ಗೆ ಮನೆಯೊಳಗಿನ ಒಂದೇ ವಿಳಾಸ ಸಿಗುವಂತೆ ರೂಟರ್‌ನಲ್ಲಿ ಕಟ್ಟಿಟ್ಟಿದ್ದ. ಕಂಪ್ಯೂಟರ್‌ನಲ್ಲಿ ಇವರು ಆಡುವ ಮೈನ್‌ಕ್ರಾಫ್ಟ್ ಜಾವಾ ಆವೃತ್ತಿ ಬಳಸುವ ಟಿಸಿಪಿ (ಮಾಹಿತಿ ಸಾಗಿಸುವ ಒಂದು ಬಗೆ) 25565 ಪೋರ್ಟನ್ನು ಆ ವಿಳಾಸಕ್ಕೆ ಫಾರ್ವರ್ಡ್ ಮಾಡಿದ್ದ, ಅಂದರೆ ಆ ಪೋರ್ಟ್‌ಗೆ ಬರುವ ಕರೆ ಅಲ್ಲಿಗೆ ದಾಟುವಂತೆ ಮಾಡಿದ್ದ. ಬೇಡದ ಕರೆಗಳನ್ನು ತಡೆಯುವ ವಿಂಡೋಸ್ ಫೈರ್‌ವಾಲ್‌ನಲ್ಲಿ ಒಂದು ನಿಜವಾದ ತಪ್ಪು ಸಿಕ್ಕಿತು. ಜಾವಾ ಮೊದಲ ಸಲ ಓಡಿದಾಗ ವಿಂಡೋಸ್ ಅನುಮತಿ ಕೇಳಿತ್ತು, ಅವನು 'ಪ್ರೈವೇಟ್' ನೆಟ್‌ವರ್ಕ್‌ಗೆ ಮಾತ್ರ ಗುರುತು ಹಾಕಿದ್ದ. ಅವನ ವೈಫೈ ಮಾತ್ರ 'ಪಬ್ಲಿಕ್' ಎಂದು ದಾಖಲಾಗಿತ್ತು. ಮನೆಯೊಳಗೆ ಪರೀಕ್ಷೆ ಮಾಡುವಾಗ ಫೈರ್‌ವಾಲನ್ನು ಸ್ವಲ್ಪ ಹೊತ್ತು ಪೂರ್ತಿ ಆಫ್ ಮಾಡಿದ್ದರಿಂದ ಇದು ಗೊತ್ತಾಗಿರಲಿಲ್ಲ. ಅದನ್ನು ಸರಿಪಡಿಸಿದ. ಆದರೂ ಹೊರಗಿನವರಿಗೆ ಅದೇ ಉತ್ತರ.

ಇಲ್ಲಿಂದ ಅವನಿಗೆ ತಾಳ್ಮೆ ತಪ್ಪಿತು. ಫೈರ್‌ವಾಲನ್ನು ಮತ್ತೆ ಪೂರ್ತಿ ಆಫ್ ಮಾಡಿದ. ರೂಟರ್‌ನಲ್ಲಿ ಡಿಎಮ್‌ಝಡ್ ಎಂಬ ಆಯ್ಕೆ ಇರುತ್ತದೆ, ಅದರಲ್ಲಿ ಲ್ಯಾಪ್‌ಟಾಪ್ ವಿಳಾಸ ಹಾಕಿದ. ಹೊರಗಿನಿಂದ ಬರುವ, ಬೇರೆಲ್ಲೂ ಜಾಗವಿಲ್ಲದ ಪ್ರತಿಯೊಂದು ಕರೆಯನ್ನೂ, ಯಾವ ಪೋರ್ಟ್‌ಗೆ ಬಂದರೂ, ಆ ಒಂದು ಯಂತ್ರಕ್ಕೆ ಕಳಿಸುವುದೇ ಡಿಎಮ್‌ಝಡ್ ಕೆಲಸ. ಫೈರ್‌ವಾಲ್ ಇಲ್ಲದ ವಿಂಡೋಸ್ ಯಂತ್ರವನ್ನು ಡಿಎಮ್‌ಝಡ್‌ನಲ್ಲಿ ಇಡುವುದು ಎಂದರೆ ಫೈಲ್ ಹಂಚಿಕೆಯಿಂದ ಹಿಡಿದು ಎಲ್ಲವನ್ನೂ ಲೋಕಕ್ಕೆ ತೆರೆದಿಟ್ಟ ಹಾಗೆ. ನನ್ನನ್ನು ಕರೆದದ್ದು ಈ ಹಂತದಲ್ಲಿ. ಬೇರೇನು ನೋಡುವ ಮೊದಲು ಇವೆರಡನ್ನೂ ವಾಪಸ್ ತೆಗೆಸಿದೆ. ಕೆಲಸ ಮಾಡದ ಸೆಟ್ಟಿಂಗನ್ನು ಹಾಗೇ ಬಿಟ್ಟು ಮುಂದಿನದಕ್ಕೆ ಹೋಗಬಾರದು. ಕೊನೆಗೆ ಯಾವುದರಿಂದ ಸರಿಯಾಯಿತು ಎಂದೂ ತಿಳಿಯುವುದಿಲ್ಲ, ಯಾವ ಬಾಗಿಲು ತೆರೆದುಹೋಗಿದೆ ಎಂದೂ ತಿಳಿಯುವುದಿಲ್ಲ.

ಇನ್ನೊಂದು ಗೊಂದಲವೂ ಇತ್ತು. ಹೋಸ್ಟ್ ತನ್ನ ವೈಫೈನಿಂದಲೇ ಹೊರಗಿನ ಐಪಿ ವಿಳಾಸ (ಇಂಟರ್ನೆಟ್‌ನಲ್ಲಿ ಮನೆಯನ್ನು ಗುರುತಿಸುವ ಸಂಖ್ಯೆ) ಹಾಕಿ ಪರೀಕ್ಷೆ ಮಾಡುತ್ತಿದ್ದ. ಕೆಲವು ರೂಟರ್‌ಗಳು ಒಳಗಿನಿಂದ ಹೊರಟು ಮತ್ತೆ ಒಳಗೇ ಬರುವ ಕರೆಯನ್ನು ತಿರುಗಿಸಿ ಕೊಡುವುದಿಲ್ಲ. ಹಾಗಾಗಿ ಎಲ್ಲ ಸರಿ ಇದ್ದಾಗಲೂ ಆ ಪರೀಕ್ಷೆ ಸೋಲಬಹುದು. ಫೋನಿನ ವೈಫೈ ಆಫ್ ಮಾಡಿ, ಮೊಬೈಲ್ ಡೇಟಾ ಹಂಚಿಕೊಂಡು, ಅದರ ಮೇಲೆ ಇನ್ನೊಂದು ಕಂಪ್ಯೂಟರ್‌ನಿಂದ ನೋಡಲು ಹೇಳಿದೆ. ಆಗಲೂ 'ಟೈಮ್ಡ್ ಔಟ್'. ಈಗ ಆ ಉತ್ತರವನ್ನು ನಂಬಬಹುದಿತ್ತು.

ಎರಡು ವಿಳಾಸಗಳು

ರೂಟರ್‌ನ ಸ್ಟೇಟಸ್ ಪುಟ ತೆರೆದು ಅದಕ್ಕೆ ಇಂಟರ್ನೆಟ್ ಕಡೆಯಿಂದ ಸಿಕ್ಕಿರುವ ವಿಳಾಸ ಓದು ಎಂದೆ. 100.72ರಿಂದ ಶುರುವಾಗುವ ವಿಳಾಸ ಓದಿದ. ನಿನ್ನ ಐಪಿ ಏನು ಎಂದು ತೋರಿಸುವ ಯಾವುದಾದರೂ ವೆಬ್‌ಸೈಟ್ ನೋಡು ಎಂದೆ. ಅಲ್ಲಿ ಬೇರೆಯೇ ವಿಳಾಸ ಇತ್ತು.

ಇಡೀ ಪ್ರಕರಣದ ಮೊದಲ ತಿರುವು ಇದು. ಎರಡು ನಿಮಿಷದ ಈ ಹೋಲಿಕೆಯನ್ನು ಮೊದಲೇ ಮಾಡಿದ್ದರೆ ಉಳಿದ ಒದ್ದಾಟವೇ ಬೇಕಿರಲಿಲ್ಲ. ಅವೆರಡು ವಿಳಾಸ ಒಂದೇ ಆಗಿದ್ದರೆ ಪೋರ್ಟ್ ಫಾರ್ವರ್ಡ್ ಕೆಲಸ ಮಾಡುವ ಸಾಧ್ಯತೆ ಇದೆ. ಬೇರೆ ಬೇರೆಯಾಗಿದ್ದರೆ ನಿಮ್ಮ ರೂಟರ್ ಮತ್ತು ಇಂಟರ್ನೆಟ್ ನಡುವೆ ಇನ್ನೊಂದು ರೂಟರ್ ಕೂತಿದೆ. ಕೆಲವು ಮನೆಗಳಲ್ಲಿ ಅದು ಕಂಪನಿ ಕೊಟ್ಟ ಮೋಡೆಮ್ ಆಗಿರುತ್ತದೆ, ಅಲ್ಲೂ ಒಮ್ಮೆ ಫಾರ್ವರ್ಡ್ ಮಾಡಿದರೆ ಮುಗಿಯಿತು. ಇಲ್ಲಿ ಅದು ಇಂಟರ್ನೆಟ್ ಕಂಪನಿಯ ಕಟ್ಟಡದಲ್ಲಿತ್ತು.

ಕಾರಣ ಹಳೆಯದು. ಹಳೇ ಮಾದರಿಯ ಐಪಿ ವಿಳಾಸ, ಅಂದರೆ ಐಪಿವಿ4, 32 ಬಿಟ್‌ನದು, ಒಟ್ಟು ಸುಮಾರು 430 ಕೋಟಿ ವಿಳಾಸಗಳು ಮಾತ್ರ. ಜಾಗತಿಕ ದಾಸ್ತಾನಿನಲ್ಲಿ ಉಳಿದಿದ್ದ ಕೊನೆಯ ಕಂತುಗಳನ್ನು 2011ರ ಫೆಬ್ರವರಿಯಲ್ಲಿ ಹಂಚಿ ಮುಗಿಸಿದರು. ಆಮೇಲೆ ಕಂಪನಿಗಳು ಒಂದೇ ಹೊರ ವಿಳಾಸದ ಹಿಂದೆ ತುಂಬಾ ಮನೆಗಳನ್ನು ಕೂರಿಸುವುದು ಜಾಸ್ತಿ ಆಯಿತು. ಇದನ್ನು ಸಿಜಿನ್ಯಾಟ್ ಎನ್ನುತ್ತಾರೆ. ಇದಕ್ಕೆಂದೇ 2012ರಲ್ಲಿ 100.64ರಿಂದ 100.127ರವರೆಗಿನ ವಿಳಾಸಗಳನ್ನು ತೆಗೆದಿಟ್ಟರು. ನಿಮ್ಮ ರೂಟರ್ ಆ ಸಾಲಿನ ವಿಳಾಸ ತೋರಿಸಿದರೆ ಹೊರಗಿನಿಂದ ಹೊಸದಾಗಿ ಬರುವ ಕರೆ ನಿಮ್ಮ ರೂಟರ್‌ವರೆಗೆ ಬರುವುದೇ ಇಲ್ಲ. ಬಾರದ ಕರೆಯನ್ನು ನಿಮ್ಮ ರೂಟರ್ ಎಲ್ಲಿಗೆ ಫಾರ್ವರ್ಡ್ ಮಾಡಬೇಕು?

ಯಾವ ದಾರಿ

ಇನ್ನು ಆಯ್ಕೆಗಳ ಮಾತು. ಇಂಟರ್ನೆಟ್ ಕಂಪನಿಗೆ ಕರೆ ಮಾಡಿ ಹೊರ ವಿಳಾಸ ಕೇಳುವುದು ಮೊದಲನೆಯದು. ಹೋಸ್ಟ್ ಕೇಳಿದ, ಬೇರೆ ಪ್ಲಾನ್‌ಗೆ ಹೋದರೆ ಮಾತ್ರ ಕೊಡುತ್ತೇವೆ ಎಂದರು. ಎರಡನೆಯದು ಐಪಿವಿ6, ಐಪಿ ವಿಳಾಸದ ಹೊಸ ಮಾದರಿ. ಅದರಲ್ಲಿ ವಿಳಾಸದ ಬರ ಇಲ್ಲ, ಹೋಸ್ಟ್ ಮನೆಗೂ ಐಪಿವಿ6 ಇತ್ತು. ಆದರೆ ಸೇರುವವರ ಕಡೆಯೂ ಅದು ಇರಬೇಕು, ಗುಂಪಿನ ಮೂವರಿಗೆ ಇರಲಿಲ್ಲ. ಇದ್ದವರು ಇಲ್ಲದವರು ಎಂದು ಗುಂಪು ಒಡೆಯುವುದು ಬೇಡವೆಂದು ಅದನ್ನು ಬಿಟ್ಟರು.

ಉಳಿದದ್ದು ಎರಡು. ಒಂದು, ಟನಲ್ ಸೇವೆ. ಲ್ಯಾಪ್‌ಟಾಪ್ ತಾನೇ ಹೊರಗಿನ ಒಂದು ಸರ್ವರ್‌ಗೆ ಕರೆ ಮಾಡಿ ಆ ಸಂಪರ್ಕವನ್ನು ಬಿಡದೆ ಹಿಡಿದಿರುತ್ತದೆ. ಗೆಳೆಯರು ಆ ಹೊರಗಿನ ಸರ್ವರ್‌ನ ವಿಳಾಸಕ್ಕೆ ಸೇರುತ್ತಾರೆ, ಅದು ಇವರ ಮಾತನ್ನು ಹಿಡಿದಿಟ್ಟ ಸಂಪರ್ಕದ ಮೂಲಕ ಒಳಗೆ ದಾಟಿಸುತ್ತದೆ. ಒಳಗಿನಿಂದ ಹೊರಗೆ ಹೋಗುವ ಕರೆಗೆ ಸಿಜಿನ್ಯಾಟ್ ಅಡ್ಡಿ ಮಾಡುವುದಿಲ್ಲವಲ್ಲ, ಅದೇ ಇದರ ಗುಟ್ಟು. ಗೆಳೆಯರು ಏನನ್ನೂ ಇನ್‌ಸ್ಟಾಲ್ ಮಾಡಬೇಕಿಲ್ಲ. ಆದರೆ ಎಲ್ಲವೂ ಮಧ್ಯದ ಸರ್ವರ್ ಸುತ್ತಿಕೊಂಡೇ ಬರಬೇಕು, ಅದು ದೂರದಲ್ಲಿದ್ದರೆ ಪಿಂಗ್ (ಮಾಹಿತಿ ಹೋಗಿ ಬರುವ ಸಮಯ) ಏರುತ್ತದೆ.

ಇನ್ನೊಂದು, ಟೇಲ್‌ಸ್ಕೇಲ್ ಅಥವಾ ಝೀರೋಟಿಯರ್ ಥರದ ಖಾಸಗಿ ನೆಟ್‌ವರ್ಕ್. ಎಲ್ಲರೂ ಒಂದು ಆ್ಯಪ್ ಹಾಕಿಕೊಳ್ಳಬೇಕು. ಆಮೇಲೆ ಎಲ್ಲರ ಯಂತ್ರಗಳೂ ಒಂದೇ ಮನೆಯ ವೈಫೈನಲ್ಲಿರುವಂತೆ ಪರಸ್ಪರ ಕಾಣುತ್ತವೆ. ಆದಷ್ಟು ಮಟ್ಟಿಗೆ ಎರಡು ಯಂತ್ರಗಳ ನಡುವೆ ನೇರ ದಾರಿಯನ್ನೇ ಹುಡುಕುತ್ತದೆ, ಸಿಗದಿದ್ದರೆ ಮಾತ್ರ ಮಧ್ಯದ ಸರ್ವರ್ ಹಿಡಿಯುತ್ತದೆ. ಅಪರಿಚಿತರಿಗೆ ವಿಳಾಸವೇ ಸಿಗುವುದಿಲ್ಲ.

ನಾನು ಎರಡನೆಯದನ್ನು ಹೇಳಿದೆ. ಗುಂಪು ಮೊದಲನೆಯದನ್ನು ಆರಿಸಿತು. ಅದಕ್ಕೆ ಕಾರಣವೂ ಇತ್ತು: ಒಬ್ಬ ಆಡುವುದು ಆಫೀಸ್ ಲ್ಯಾಪ್‌ಟಾಪ್‌ನಲ್ಲಿ, ಅದರಲ್ಲಿ ಅಂಥ ಆ್ಯಪ್ ಹಾಕಲು ಬಿಡುವುದಿಲ್ಲ. ಅವನನ್ನು ಬಿಟ್ಟು ಆಡುವ ಮಾತೇ ಇಲ್ಲ ಎಂದರು. ಟನಲ್ ಹಾಕಿದೆವು, ಅಂದೇ ರಾತ್ರಿ ಆರು ಜನ ಒಳಗೆ ಬಂದರು.

ತಂಗಿಗಾಗಿ ಹಿಡಿದ ಅಡ್ಡದಾರಿ

ಹೋಸ್ಟ್‌ನ ತಂಗಿ ಹಾಸ್ಟೆಲ್‌ನಲ್ಲಿದ್ದಾಳೆ, ಆಡುವುದು ಫೋನ್‌ನಲ್ಲಿ. "ಅಣ್ಣಾ, ನಂಗೂ ಬರೋಕೆ ಆಗೋ ಹಾಗೆ ಮಾಡು" ಎಂದಿದ್ದಳು. ಫೋನಿನ ಮೈನ್‌ಕ್ರಾಫ್ಟ್ ಬೆಡ್‌ರಾಕ್ ಆವೃತ್ತಿ, ಅದು ಯುಡಿಪಿ 19132ರಲ್ಲಿ ಬೇರೆ ಭಾಷೆ ಮಾತಾಡುತ್ತದೆ, ಜಾವಾ ಸರ್ವರ್‌ಗೆ ನೇರವಾಗಿ ಸೇರುವುದಿಲ್ಲ. ನಡುವೆ ಅನುವಾದ ಮಾಡುವ ಗೀಸರ್ ಎಂಬ ಪ್ಲಗಿನ್ ಇದೆ. ಹೋಸ್ಟ್ ಅದನ್ನು ಹಾಕಿದ. ಆದರೂ ತಂಗಿಯ ಹತ್ತಿರ ಜಾವಾ ಆವೃತ್ತಿಯ ಖಾತೆ ಇಲ್ಲದ್ದರಿಂದ ಸರ್ವರ್ ಒಳಗೆ ಬಿಡಲಿಲ್ಲ.

ಯಾವುದೋ ವಿಡಿಯೋದಲ್ಲಿ ಒಂದು ಸುಲಭ ದಾರಿ ಸಿಕ್ಕಿತು: ಸರ್ವರ್ ಸೆಟ್ಟಿಂಗ್‌ನಲ್ಲಿ ಆನ್‌ಲೈನ್-ಮೋಡ್ ಎಂಬುದನ್ನು 'ಫಾಲ್ಸ್' ಮಾಡಿ. ಮಾಡಿದ, ಗೀಸರ್‌ನಲ್ಲೂ ಅದಕ್ಕೆ ತಕ್ಕಂತೆ ಬದಲಿಸಿದ. ತಂಗಿ ಒಳಗೆ ಬಂದಳು. ಎಲ್ಲರಿಗೂ ಖುಷಿ.

ಆನ್‌ಲೈನ್-ಮೋಡ್ ಆನ್ ಇದ್ದಾಗ ಸೇರುವ ಪ್ರತಿಯೊಬ್ಬರ ಖಾತೆಯನ್ನೂ ಆಟದ ಕಂಪನಿಯ ಸರ್ವರ್ ಹತ್ತಿರ ಕೇಳಿ ಖಾತ್ರಿ ಮಾಡಿಕೊಳ್ಳಲಾಗುತ್ತದೆ. ಆಫ್ ಮಾಡಿದರೆ ಆ ಪ್ರಶ್ನೆ ತಂಗಿಗೆ ಮಾತ್ರ ಅಲ್ಲ, ಯಾರಿಗೂ ಕೇಳುವುದಿಲ್ಲ. ಬಂದವರು ಹೇಳಿದ ಹೆಸರೇ ಹೆಸರು. ಹೋಸ್ಟ್ ಧೈರ್ಯವಾಗಿದ್ದ, ಯಾಕೆಂದರೆ ವೈಟ್‌ಲಿಸ್ಟ್ ಆನ್ ಇತ್ತು, ಎಂಟು ಹೆಸರು ಬಿಟ್ಟು ಬೇರೆಯವರಿಗೆ ಪ್ರವೇಶವಿಲ್ಲ. ಆದರೆ ಆನ್‌ಲೈನ್-ಮೋಡ್ ಇಲ್ಲದ ವೈಟ್‌ಲಿಸ್ಟ್, ಹೆಸರು ಕೇಳಿ ಮುಖ ನೋಡದೆ ಒಳಗೆ ಬಿಡುವ ಕಾವಲುಗಾರನ ಹಾಗೆ. ಆ ಎಂಟರಲ್ಲಿ ಒಂದು ಹೆಸರು ಗೊತ್ತಿದ್ದರೆ ಸಾಕು.

ಸರಿಯಾದ ದಾರಿ ಅದರ ಪಕ್ಕದಲ್ಲೇ ಇತ್ತು. ಗೀಸರ್ ಮಾಡಿದವರದ್ದೇ ಫ್ಲಡ್‌ಗೇಟ್ ಎಂಬ ಇನ್ನೊಂದು ಪ್ಲಗಿನ್ ಇದೆ. ಅದು ಫೋನಿನಿಂದ ಬರುವವರ ಬೆಡ್‌ರಾಕ್ ಖಾತೆಯನ್ನು ಪರಿಶೀಲಿಸಿ ಒಳಗೆ ಬಿಡುತ್ತದೆ, ಅವರ ಹೆಸರಿನ ಮುಂದೆ ಒಂದು ಚುಕ್ಕೆ ಸೇರಿಸುತ್ತದೆ. ಉಳಿದವರಿಗೆ ಆನ್‌ಲೈನ್-ಮೋಡ್ ಆನ್ ಆಗಿಯೇ ಇರುತ್ತದೆ. ಒಬ್ಬರಿಗೆ ದಾರಿ ಮಾಡಲು ಹೊರಟಾಗ ಈ ಸೆಟ್ಟಿಂಗ್ ಇನ್ನು ಯಾರಿಗೆಲ್ಲ ಅನ್ವಯಿಸುತ್ತದೆ ಎಂದು ಕೇಳಿಕೊಳ್ಳುವುದು ಬಹಳ ಮುಖ್ಯ. ಈ ಪ್ರಕರಣದಲ್ಲಿ ನನಗೆ ಅತಿ ದುಬಾರಿ ಅನಿಸಿದ ನಿರ್ಧಾರ ಇದೇ.

ಬೆಳಗಾಗುವಷ್ಟರಲ್ಲಿ

ಗುಂಪಿನ ಒಬ್ಬ ತಾವು ಕಟ್ಟಿದ ಹಳ್ಳಿಯ ಸ್ಕ್ರೀನ್‌ಶಾಟ್‌ಗಳನ್ನು ಒಂದು ದೊಡ್ಡ ಚಾಟ್ ಗ್ರೂಪಿನಲ್ಲಿ ಹಾಕಿದ. ಒಂದು ಚಿತ್ರದ ಮೂಲೆಯಲ್ಲಿ ಸರ್ವರ್ ವಿಳಾಸ ಕಾಣುತ್ತಿತ್ತು.

ವಿಳಾಸ ಸಿಕ್ಕರೆ ಹೆಸರು ಸಿಗುವುದು ಕಷ್ಟವಲ್ಲ. ಒಳಗೆ ಹೋಗದೆಯೇ, ಸರ್ವರ್ ಪಟ್ಟಿಯಲ್ಲಿ ವಿಳಾಸ ಹಾಕಿದರೆ ಸಾಕು. ಈಗ ಯಾರು ಆಡುತ್ತಿದ್ದಾರೆ ಎಂಬ ಹೆಸರುಗಳ ಒಂದು ಮಾದರಿಯನ್ನು ಸರ್ವರ್ ತಾನೇ ಕಳಿಸುತ್ತದೆ. ಅದನ್ನು ಮುಚ್ಚಿಡುವ ಸೆಟ್ಟಿಂಗ್ ಇದೆ, ಮಾಮೂಲಿಯಾಗಿ ಅದು ಆಫ್ ಇರುತ್ತದೆ. ಎಲ್ಲರೂ ಮಲಗಿದ ಮೇಲೆ ಹೋಸ್ಟ್‌ನ ಹೆಸರಿನಲ್ಲೇ ಯಾರೋ ಒಳಗೆ ಬಂದರು. ಹೋಸ್ಟ್‌ಗೆ ಆಪರೇಟರ್ ಅಧಿಕಾರ, ಅಂದರೆ ವರ್ಲ್ಡನ್ನೇ ಬದಲಿಸುವ ಕಮಾಂಡ್ ಕೊಡುವ ಅಧಿಕಾರ, ಇತ್ತು. ಬಂದವರಿಗೂ ಅದು ಸಿಕ್ಕಿತು.

ಬೆಳಿಗ್ಗೆ ಒಬ್ಬ ಗೆಳೆಯನ ಮೆಸೇಜ್ ಬಂತು: "ಮಗಾ, ನನ್ನ ಮನೆ ಎಲ್ಲೋ?" ಹಳ್ಳಿ ಇದ್ದ ಕಡೆ ಲಾವಾ ಇತ್ತು.

ಹೋಸ್ಟ್ ತಕ್ಷಣ ಲಾಗ್‌ನಲ್ಲಿ (ಸರ್ವರ್ ಬರೆದಿಡುವ ದಾಖಲೆ) ಕಂಡ ಐಪಿ ವಿಳಾಸವನ್ನು ಬ್ಯಾನ್ ಮಾಡಿದ. ಆಮೇಲೆ ಹೊರಗಿನ ಒಬ್ಬ ಗೆಳೆಯನಿಗೂ ಸೇರಲು ಆಗಲಿಲ್ಲ. ಟನಲ್ ಮೂಲಕ ಬರುವವರೆಲ್ಲರೂ ಸರ್ವರ್ ಕಣ್ಣಿಗೆ ಒಂದೇ ವಿಳಾಸದಿಂದ ಬಂದಂತೆ ಕಾಣುತ್ತಿದ್ದರು. ಒಬ್ಬನನ್ನು ಬ್ಯಾನ್ ಮಾಡಿದರೆ ಎಲ್ಲರೂ ಬ್ಯಾನ್. ಟನಲ್ ಬಳಸುವವರು ಇದನ್ನು ಮೊದಲೇ ತಿಳಿದಿರಬೇಕು: ಅಲ್ಲಿ ಐಪಿ ಬ್ಯಾನ್ ಆಯುಧವಲ್ಲ, ಖಾತೆಯ ಗುರುತೇ ಆಧಾರ.

ನನಗೆ ಎರಡನೇ ಸಲ ಕರೆ ಬಂದಾಗ ಹೇಳಿದ ಮೊದಲ ಮಾತು, ಸರ್ವರ್ ನಿಲ್ಲಿಸಿ, ಏನನ್ನೂ ಅಳಿಸಬೇಡಿ. ಈಗಿರುವ ಫೋಲ್ಡರನ್ನು ಹಾಗೇ ಇನ್ನೊಂದು ಕಡೆ ಕಾಪಿ ಮಾಡಿಸಿದೆ. ಹಾಳಾದ ವರ್ಲ್ಡ್ ಆದರೂ ಅದರಲ್ಲಿ ಉಳಿದಿರುವುದೂ ಇದೆ, ಲಾಗ್ ಕೂಡ ಇದೆ. ಕೊಟ್ಟ ಕಮಾಂಡ್‌ಗಳನ್ನು ಪೇಪರ್ ಲಾಗ್‌ನಲ್ಲಿ ಬರೆದಿಡುತ್ತದೆ. ಅದನ್ನು ಓದಿದಾಗ ಏನು ನಡೆಯಿತು, ಎಷ್ಟು ಜಾಗದಲ್ಲಿ ನಡೆಯಿತು ಎಂದು ಸಾಲು ಸಾಲಾಗಿ ಸಿಕ್ಕಿತು. ಎಲ್ಲವೂ ಹಳ್ಳಿಯ ಸುತ್ತಲೇ ಇತ್ತು.

ವಾಪಸ್ ಕಟ್ಟಿದ್ದು

ಬ್ಯಾಕಪ್ ಇತ್ತು. ಪ್ರತಿ ರಾತ್ರಿ ವರ್ಲ್ಡ್ ಫೋಲ್ಡರ್ ಇನ್ನೊಂದು ಡ್ರೈವ್‌ಗೆ ಕಾಪಿಯಾಗುವಂತೆ ಹೋಸ್ಟ್ ಮೊದಲೇ ಮಾಡಿಟ್ಟಿದ್ದ, ಅದಕ್ಕೆ ಅವನನ್ನು ಮೆಚ್ಚಬೇಕು. ಆದರೆ ಆ ಕಾಪಿ ಸರ್ವರ್ ಓಡುತ್ತಿರುವಾಗಲೇ ಆಗುತ್ತಿತ್ತು. ಬರೆಯುತ್ತಿರುವ ಫೈಲನ್ನು ಕಾಪಿ ಮಾಡಿದರೆ ಅರ್ಧ ಹಳೆಯದು ಅರ್ಧ ಹೊಸದು ಸೇರಿಬಿಡಬಹುದು. ತೀರಾ ಹತ್ತಿರದ ಕಾಪಿ ತೆರೆದು ನೋಡಿದಾಗ ಹಳ್ಳಿಯ ನಡುವೆಯೇ ಒಂದಷ್ಟು ತುಂಡುಗಳು ಹೊಸದಾಗಿ ಹುಟ್ಟಿದ ಬಯಲಾಗಿದ್ದವು. ಅದಕ್ಕಿಂತ ಹಿಂದಿನದು, ಅಪ್‌ಡೇಟ್‌ಗಾಗಿ ಸರ್ವರ್ ನಿಲ್ಲಿಸಿದ್ದಾಗ ತೆಗೆದದ್ದು, ಪೂರ್ತಿ ಚೆನ್ನಾಗಿತ್ತು.

ಇಡೀ ವರ್ಲ್ಡನ್ನು ಆ ದಿನಕ್ಕೆ ತಿರುಗಿಸಿದರೆ ದೂರದಲ್ಲಿ ಬೇರೆಯವರು ಆಮೇಲೆ ಕಟ್ಟಿದ್ದೆಲ್ಲ ಹೋಗುತ್ತಿತ್ತು. ಅದು ಬೇಡವಾಗಿತ್ತು. ಮೈನ್‌ಕ್ರಾಫ್ಟ್ ಜಾವಾ ನೆಲವನ್ನು 16 ಬ್ಲಾಕ್ ಅಗಲ, 16 ಬ್ಲಾಕ್ ಉದ್ದದ ಚಂಕ್‌ಗಳಾಗಿ ಇಟ್ಟು, 32 ಚಂಕ್ ಅಗಲ 32 ಚಂಕ್ ಉದ್ದದ ತುಂಡನ್ನು ಒಂದೊಂದು ಫೈಲ್ ಮಾಡುತ್ತದೆ. ಅಂದರೆ ಒಂದು ಫೈಲ್‌ಗೆ 512 ಬ್ಲಾಕ್ ಚೌಕದ ನೆಲ. ಹಳ್ಳಿಯ ನಡುಭಾಗ, ಆಟ ತೋರಿಸುವ ಸ್ಥಾನದ ಅಂಕೆಗಳಲ್ಲಿ, ಎಕ್ಸ್ 700, ಝಡ್ ಮೈನಸ್ 200ರ ಸುತ್ತ ಇತ್ತು. ಎರಡನ್ನೂ 512ರಿಂದ ಭಾಗಿಸಿ ಕೆಳಗಿನ ಪೂರ್ಣ ಸಂಖ್ಯೆ ಹಿಡಿದರೆ 1 ಮತ್ತು ಮೈನಸ್ 1. ಆ ಎರಡು ಅಂಕೆ ಹೆಸರಿನಲ್ಲಿರುವ ಫೈಲೊಂದೇ ಹಳ್ಳಿಯ ಫೈಲ್. ಹಳೇ ಬ್ಯಾಕಪ್‌ನಿಂದ ಅದನ್ನು ಮಾತ್ರ ತಂದು ಹಾಕಿದೆವು. 1.17ರಿಂದ ಪ್ರಾಣಿಗಳು, ಹಳ್ಳಿಗರು, ಚಿತ್ರಪಟಗಳೆಲ್ಲ ಎಂಟಿಟೀಸ್ ಎಂಬ ಬೇರೆ ಫೋಲ್ಡರ್‌ನಲ್ಲಿ ಇರುತ್ತವೆ. ಅಲ್ಲಿಂದಲೂ ಅದೇ ಹೆಸರಿನ ಫೈಲ್ ತರಬೇಕು, ಇಲ್ಲದಿದ್ದರೆ ಮನೆಗಳು ಬರುತ್ತವೆ, ಒಳಗಿದ್ದವರು ಬರುವುದಿಲ್ಲ. ಬೆಟ್ಟದ ಆಚೆ ಕಟ್ಟಿದ್ದ ಸೇತುವೆ, ರೈಲು ಹಳಿ ಎಲ್ಲವೂ ಮುಟ್ಟದೆ ಉಳಿದವು. ಹಳ್ಳಿಯಲ್ಲಿ ಮಾತ್ರ ಒಂದಷ್ಟು ಹೊಸ ಕೆಲಸ ಹೋಯಿತು.

ಇದಾದ ಮೇಲೆ ಆನ್‌ಲೈನ್-ಮೋಡ್ ಆನ್ ಮಾಡಿ, ಫ್ಲಡ್‌ಗೇಟ್ ಹಾಕಿ, ವೈಟ್‌ಲಿಸ್ಟನ್ನೂ ಆಪರೇಟರ್ ಪಟ್ಟಿಯನ್ನೂ ಹೊಸದಾಗಿ ಬರೆದೆವು. ಇಲ್ಲೊಂದು ಸಿಕ್ಕು ಕಾದಿತ್ತು. ಸರ್ವರ್ ಪ್ರತಿ ಆಟಗಾರನನ್ನು ಗುರುತಿಸುವುದು ಯುಯುಐಡಿ ಎಂಬ ಉದ್ದದ ಗುರುತಿನಿಂದ. ಆನ್‌ಲೈನ್-ಮೋಡ್ ಆಫ್ ಇದ್ದಾಗ ಅದನ್ನು ಹೆಸರಿನಿಂದ ಲೆಕ್ಕ ಹಾಕಿ ತೆಗೆಯುತ್ತದೆ, ಆನ್ ಇದ್ದಾಗ ಖಾತೆಯಿಂದ ಬರುತ್ತದೆ. ಎರಡೂ ಬೇರೆ ಬೇರೆ. ಹಾಗಾಗಿ ಎಲ್ಲರೂ ಹೊಸಬರಾಗಿ, ಬರಿಗೈಯಲ್ಲಿ, ಆಟ ಶುರುವಾಗುವ ಜಾಗದಲ್ಲಿ ನಿಂತರು. ಮತ್ತೆ ಯಾರೋ ಲೂಟಿ ಮಾಡಿದರು ಎಂದೇ ಇಬ್ಬರು ಅಂದುಕೊಂಡರು.

ಪರಿಹಾರ ನಿಧಾನದ್ದು, ಕಷ್ಟದ್ದಲ್ಲ. ಪ್ರತಿಯೊಬ್ಬರೂ ಒಮ್ಮೆ ಒಳಗೆ ಬಂದು ಹೊರಗೆ ಹೋದರು. ಅವರ ಹೊಸ ಗುರುತಿನ ಫೈಲ್ ಹುಟ್ಟಿತು. ಸರ್ವರ್ ನಿಲ್ಲಿಸಿ, ಹಳೇ ಗುರುತಿನ ಫೈಲನ್ನು ಹೊಸ ಗುರುತಿನ ಹೆಸರಿಗೆ ಕಾಪಿ ಮಾಡಿದೆವು. ಸಾಧನೆಗಳ ಫೈಲ್, ಅಂಕಿಅಂಶದ ಫೈಲ್‌ಗೂ ಹಾಗೇ. ಸಾಮಾನೆಲ್ಲ ವಾಪಸ್ ಬಂತು. ಸಾಕಿದ ನಾಯಿಗಳು ಮಾತ್ರ ಮಾಲೀಕರನ್ನು ಗುರುತಿಸಲಿಲ್ಲ, ಯಾಕೆಂದರೆ ಮಾಲೀಕನ ಯುಯುಐಡಿ ಆ ನಾಯಿಯ ಮಾಹಿತಿಯೊಳಗೇ ಇರುತ್ತದೆ. ಒಂದೊಂದರ ಹತ್ತಿರ ಹೋಗಿ ಕಮಾಂಡ್ ಕೊಟ್ಟು ಬದಲಿಸಿದೆವು. ಆ ನಾಯಿಗಳಿಗಾಗಿ ಅಷ್ಟು ಹೊತ್ತು ಕೊಟ್ಟದ್ದು ಸರಿಯಾಗಿಯೇ ಇತ್ತು ಎಂದು ನನಗನಿಸುತ್ತದೆ. ಆ ಗುಂಪಿಗೆ ಅವೂ ಮುಖ್ಯವಾಗಿದ್ದವು.

ಬ್ಯಾಕಪ್ ಕ್ರಮವನ್ನೂ ಬದಲಿಸಿದೆವು. ಈಗ ಕಾಪಿಗೆ ಮೊದಲು ಸರ್ವರ್‌ಗೆ ಸೇವ್-ಆಫ್ (ತಾನಾಗಿ ಬರೆಯುವುದನ್ನು ನಿಲ್ಲಿಸು) ಹೇಳಿ, ಇದ್ದದ್ದನ್ನೆಲ್ಲ ಡಿಸ್ಕ್‌ಗೆ ಬರೆಸಿ, ಕಾಪಿ ಮುಗಿದ ಮೇಲೆ ಸೇವ್-ಆನ್ ಹೇಳಲಾಗುತ್ತದೆ. ಅದಕ್ಕಿಂತ ಮುಖ್ಯವಾಗಿ, ಆಗಾಗ ಒಂದು ಬ್ಯಾಕಪ್ಪನ್ನು ಬೇರೆ ಫೋಲ್ಡರ್‌ನಲ್ಲಿ ತೆರೆದು ಒಳಗೆ ನಡೆದಾಡಿ ನೋಡುತ್ತಾರೆ. ತೆರೆದು ನೋಡದ ಬ್ಯಾಕಪ್ಪನ್ನು ನಾನು ಬ್ಯಾಕಪ್ ಎಂದು ಲೆಕ್ಕ ಹಿಡಿಯುವುದಿಲ್ಲ.

ಲ್ಯಾಗ್ ಎಂಬ ಒಂದೇ ಹೆಸರಿನ ಎರಡು ತೊಂದರೆ

ಇಷ್ಟರ ನಡುವೆ ಲ್ಯಾಗ್ (ಆಟ ತಡವರಿಸುವುದು) ಬಗ್ಗೆ ದೂರು ಇದ್ದೇ ಇತ್ತು. ಒಬ್ಬನಿಗೆ ಬಾಗಿಲು ತಡವಾಗಿ ತೆರೆಯುತ್ತದೆ, ಉಳಿದವರಿಗೆ ಸರಿ ಇದೆ ಎಂದರೆ ಅದು ದಾರಿಯ ತೊಂದರೆ, ಪಿಂಗ್. ಎಲ್ಲರಿಗೂ ಒಟ್ಟಿಗೆ ಹಸುಗಳು ನಿಂತಲ್ಲೇ ನಿಂತರೆ ಅದು ಸರ್ವರ್ ತೊಂದರೆ. ಮೈನ್‌ಕ್ರಾಫ್ಟ್ ಸರ್ವರ್ ಸೆಕೆಂಡಿಗೆ 20 ಟಿಕ್ (ಆಟದ ಒಂದೊಂದು ಹೆಜ್ಜೆ) ಓಡಿಸಬೇಕು, ಒಂದಕ್ಕೆ 50 ಮಿಲಿಸೆಕೆಂಡ್. ಆ ಹೊತ್ತಿನಲ್ಲಿ ಕೆಲಸ ಮುಗಿಯದಿದ್ದರೆ ಇಡೀ ವರ್ಲ್ಡ್ ನಿಧಾನವಾಗುತ್ತದೆ.

ಸರ್ವರ್ ಕಡೆ ಮೂರು ಕಾರಣ ಸಿಕ್ಕವು. 8 ಜಿಬಿಯಲ್ಲಿ 7 ಜಿಬಿಯನ್ನು ಜಾವಾಗೆ ಕೊಟ್ಟಿದ್ದ, ವಿಂಡೋಸ್‌ಗೆ ಉಸಿರಾಡಲು ಜಾಗವಿಲ್ಲದೆ ಎಲ್ಲ ಡಿಸ್ಕ್‌ಗೆ ಹೋಗಿ ಬರುತ್ತಿತ್ತು. 4 ಜಿಬಿಗೆ ಇಳಿಸಿದರೆ ಓಟ ಚೆನ್ನಾಯಿತು. ಜಾಸ್ತಿ ಕೊಟ್ಟಷ್ಟೂ ಒಳ್ಳೆಯದು ಅನ್ನುವುದು ಸುಳ್ಳು. ಸುತ್ತ ಎಷ್ಟು ಚಂಕ್ ದೂರದವರೆಗೆ ತೋರಿಸಬೇಕು ಎಂಬ ವ್ಯೂ ಡಿಸ್ಟೆನ್ಸ್ 10 ಇತ್ತು. ಅಂದರೆ ಪ್ರತಿ ಆಟಗಾರನ ಸುತ್ತ 21 ಚಂಕ್ ಅಗಲ, 21 ಚಂಕ್ ಉದ್ದ, ಒಟ್ಟು 441. ಅದನ್ನು 6ಕ್ಕೆ ಇಳಿಸಿದಾಗ 169 ಆಯಿತು. ಮೂರನೆಯದು, ಹೊಸ ನೆಲ ಹುಟ್ಟಿಸುವ ಕೆಲಸ. ಗಡಿ ಹಾಕಿ, ಅದರೊಳಗಿನ ನೆಲವನ್ನೆಲ್ಲ ಯಾರೂ ಆಡದ ಹೊತ್ತಿನಲ್ಲಿ ಚಂಕಿ ಪ್ಲಗಿನ್‌ನಿಂದ ಮೊದಲೇ ಹುಟ್ಟಿಸಿಟ್ಟರು. ಲ್ಯಾಪ್‌ಟಾಪನ್ನು ವೈಫೈ ಬಿಡಿಸಿ ಕೇಬಲ್‌ನಿಂದ ರೂಟರ್‌ಗೆ ಸೇರಿಸಿದ್ದರಿಂದ ಪಿಂಗ್ ಜಿಗಿದಾಡುವುದು ನಿಂತಿತು.

ದಾರಿಯ ಕಡೆ ಉಳಿದದ್ದು ಟನಲ್‌ನ ಸುತ್ತು. ಇಲ್ಲಿ ಗುಂಪು ತನ್ನ ಮೊದಲ ನಿರ್ಧಾರವನ್ನು ಅರ್ಧ ಬದಲಿಸಿತು. ಎಲ್ಲರೂ ಒಂದೇ ದಾರಿಯಲ್ಲಿ ಬರಬೇಕೆಂದೇನಿಲ್ಲ ಅಲ್ವಾ? ಆ್ಯಪ್ ಹಾಕಿಕೊಳ್ಳಲು ಆಗುವವರು ಟೇಲ್‌ಸ್ಕೇಲ್‌ನಿಂದ, ಆಫೀಸ್ ಲ್ಯಾಪ್‌ಟಾಪ್‌ನವನು ಮತ್ತು ತಂಗಿ ಟನಲ್‌ನಿಂದ. ಟೇಲ್‌ಸ್ಕೇಲ್ ಕೊಡುವ ವಿಳಾಸಗಳೂ ಅದೇ 100.64ರ ಸಾಲಿನವು. ಅದನ್ನು ನೋಡಿ ಹೋಸ್ಟ್ ಮತ್ತೆ ಸಿಜಿನ್ಯಾಟ್ ಬಂತು ಎಂದು ಗಾಬರಿಯಾದ. ಹಾಗಲ್ಲ, ಅದು ಆ ಖಾಸಗಿ ನೆಟ್‌ವರ್ಕಿನ ವಿಳಾಸ ಅಷ್ಟೇ. ಗೆಳೆಯರನ್ನು ತನ್ನ ಇಡೀ ನೆಟ್‌ವರ್ಕಿಗೆ ಸೇರಿಸುವ ಬದಲು ಆ ಒಂದು ಲ್ಯಾಪ್‌ಟಾಪನ್ನು ಮಾತ್ರ ಹಂಚಿಕೊಳ್ಳಲು ಹೇಳಿದೆ. ಅದರಲ್ಲೂ ಆಟದ ಪೋರ್ಟ್ ಬಿಟ್ಟು ಬೇರೆಯದನ್ನು ಫೈರ್‌ವಾಲ್ ಬಿಡುವುದಿಲ್ಲ.

ಈಗ

ಸರ್ವರ್ ಈಗ ಅಡ್ಮಿನ್ ಅಲ್ಲದ ಬೇರೆ ವಿಂಡೋಸ್ ಖಾತೆಯಲ್ಲಿ ಓಡುತ್ತದೆ. ಇದು ಅತಿಯಾದ ಎಚ್ಚರಿಕೆ ಎಂದು ಒಬ್ಬ ಹೇಳಿದಾಗ 2021ರ ಡಿಸೆಂಬರ್ ನೆನಪಿಸಿದೆ. ಲಾಗ್4ಶೆಲ್ ಎಂಬ ದೋಷದಿಂದ ಚಾಟ್‌ನಲ್ಲಿ ಒಂದು ಸಾಲು ಟೈಪ್ ಮಾಡಿಯೇ ಸರ್ವರ್ ಯಂತ್ರದಲ್ಲಿ ಬೇಕಾದ ಪ್ರೋಗ್ರಾಂ ಓಡಿಸಬಹುದಿತ್ತು. ಆಟದ ಕಂಪನಿ 1.18.1ರಲ್ಲಿ ಅದನ್ನು ಮುಚ್ಚಿತು. ಅಪ್‌ಡೇಟ್ ಹಾಕದವರು ತೆರೆದೇ ಉಳಿದರು. ಆರ್‌ಕಾನ್ ಎಂಬ ದೂರದ ಕಮಾಂಡ್ ಸೌಲಭ್ಯವನ್ನು ಟನಲ್‌ನಲ್ಲಿ ತೆರೆಯುವ ಯೋಚನೆಯನ್ನೂ ಬಿಡಿಸಿದೆ. ಅದರ ಪಾಸ್‌ವರ್ಡ್ ಗೂಢಲಿಪಿ ಇಲ್ಲದೆ ಹೋಗುತ್ತದೆ. ಮುಚ್ಚಳ ಮುಚ್ಚಿದರೆ ಲ್ಯಾಪ್‌ಟಾಪ್ ನಿದ್ದೆ ಹೋಗದಂತೆ, ವಿಂಡೋಸ್ ಅಪ್‌ಡೇಟ್‌ನಿಂದ ರೀಸ್ಟಾರ್ಟ್ ಆದರೆ ಸರ್ವರ್ ತಾನೇ ಏಳುವಂತೆ ಮಾಡಲಾಗಿದೆ. ಸದಾ ಪ್ಲಗ್‌ನಲ್ಲೇ ಇರುವುದರಿಂದ ಬ್ಯಾಟರಿ 80 ಶೇಕಡಾಕ್ಕಿಂತ ಮೇಲೆ ಚಾರ್ಜ್ ಆಗದ ಹಾಗೆ ಮಿತಿ ಹಾಕಿದ್ದಾರೆ.

ಆಪರೇಟರ್ ಅಧಿಕಾರ ಈಗ ಹೋಸ್ಟ್ ಜೊತೆಗೆ ಇನ್ನೊಬ್ಬ ಗೆಳತಿಗೂ ಇದೆ. ಅವನು ಊರಲ್ಲಿಲ್ಲದಾಗ ಸರ್ವರ್ ಬಿದ್ದರೆ ಅವಳು ಎಬ್ಬಿಸುತ್ತಾಳೆ. ಏನು ಎಲ್ಲಿದೆ, ಬ್ಯಾಕಪ್ ತರುವುದು ಹೇಗೆ ಎಂದು ಇಬ್ಬರೂ ಸೇರಿ ಒಂದು ಪುಟ ಬರೆದಿಟ್ಟಿದ್ದಾರೆ. ಆಫೀಸ್ ಲ್ಯಾಪ್‌ಟಾಪ್‌ನವನ ಪಿಂಗ್ ಇನ್ನೂ ಜಾಸ್ತಿಯೇ ಇದೆ. ಅವನು ಸ್ವಂತ ಕಂಪ್ಯೂಟರ್ ತೆಗೆದುಕೊಳ್ಳುವವರೆಗೆ ಟನಲ್ ಮುಚ್ಚುವುದಿಲ್ಲ ಎಂದು ಗುಂಪು ತೀರ್ಮಾನಿಸಿದೆ. ಆಟದ ಮುಂದಿನ ಆವೃತ್ತಿ ಬಂದಾಗ ಮೊದಲು ವರ್ಲ್ಡ್‌ನ ಒಂದು ಕಾಪಿಯನ್ನು ಅದರಲ್ಲಿ ತೆರೆದು, ಗೀಸರ್ ಮತ್ತು ಫ್ಲಡ್‌ಗೇಟ್ ಅದಕ್ಕೆ ಸಿದ್ಧವಾಗಿವೆಯೇ ಎಂದು ತಂಗಿಯ ಫೋನ್‌ನಿಂದಲೇ ಪರೀಕ್ಷಿಸಿ, ಆಮೇಲೆ ನಿಜವಾದ ಸರ್ವರ್ ಬದಲಿಸುತ್ತಾರಂತೆ.